ಬಾಣಂತನಕ್ಕೆ ಹೋದವಳ ಎದೆನೋವು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ರಾತ್ರಿ ಹನ್ನೊಂದರ ಮೇಲೆ ಹೋಗಿ ನೋಡಿ. ಗಾಲಿಕುರ್ಚಿಗಳ ಸಾಲು. ಕೂತವರಲ್ಲಿ ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ಸೀರೆಯ ಮೇಲೊಂದು ಸ್ವೆಟರ್, ಕಾಲಿಗೆ ಮಗ ಕೊಡಿಸಿದ ಹೊಸ ಬೂಟು, ಮಡಿಲಲ್ಲಿ ವ್ಯಾನಿಟಿ ಬ್ಯಾಗು. ಬ್ಯಾಗಿನೊಳಗೆ ಪಾಸ್‌ಪೋರ್ಟು, ವಿಳಾಸ ಬರೆದ ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಆರು ತಿಂಗಳಿಗಾಗುವಷ್ಟು ಮಾತ್ರೆ. ಬಿಪಿಯದು, ಶುಗರಿನದು, ಥೈರಾಯ್ಡಿನದು. ತೂಕ ಹಾಕಿ ಒಳಗೆ ಕಳಿಸಿದ ಸೂಟ್‌ಕೇಸಿನಲ್ಲಿ ಬಾಣಂತಿ ಖಾರ, ಅಂಟಿನುಂಡೆ, ಒಣಶುಂಠಿ, ಓಮ, ಬಜೆ, ಹಳೇ ಹತ್ತಿ ಸೀರೆ ಹರಿದು ಒಗೆದು ಮಡಿಸಿದ ಮಗುವಿನ ಬಟ್ಟೆ. ಅಮೆರಿಕದ ವೀಸಾದ ಪ್ರಕಾರ ಇವರು ಸುತ್ತಾಡಿ ನೆಂಟರಿಷ್ಟರನ್ನು ನೋಡಿ ಬರಲು ಹೊರಟವರು. ನಾನು ಹೇಳುತ್ತೇನೆ, ಇವರು ದುಡಿಯಲು ಹೊರಟವರು.

ಈ ದುಡಿಮೆಯನ್ನು ಯಾರೂ ದುಡಿಮೆ ಅನ್ನುವುದಿಲ್ಲ. ಮೊಮ್ಮಗುವನ್ನು ನೋಡಲು ಅಮ್ಮ ಬರುತ್ತಿದ್ದಾರೆ ಅನ್ನುತ್ತಾರೆ. ನೋಡುವುದೆಂದರೆ ಬೆಳಗಿನ ಜಾವ ಎದ್ದು ಬಾಣಂತಿಗೆ ಎಣ್ಣೆ ತಿಕ್ಕುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು, ಮೆಣಸಿನ ಸಾರು ಕುದಿಸುವುದು, ಅಳಿಯನಿಗೆ ಡಬ್ಬಿ ಕಟ್ಟುವುದು, ದೊಡ್ಡ ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದು, ನಡುರಾತ್ರಿ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ಓಡಾಡುವುದು. ಇವಳ ಆರು ತಿಂಗಳು ಮುಗಿಯುವ ಹೊತ್ತಿಗೆ ಬೀಗಿತ್ತಿ ಬರುತ್ತಾಳೆ. ಹಾಸನದವಳೊಬ್ಬಳು, ಹಾವೇರಿಯವಳೊಬ್ಬಳು, ಇಬ್ಬರೂ ಪಾಳಿ ಹಾಕಿಕೊಂಡು ಒಂದು ವರ್ಷ ಆ ಮನೆಯನ್ನು ನಿಲ್ಲಿಸುತ್ತಾರೆ. ಸಂಬಳವಿಲ್ಲ, ರಜೆಯಿಲ್ಲ, ಹೊರಗೆ ಹೋಗಬೇಕೆಂದರೆ ಕಾರು ಓಡಿಸುವವರು ಬೇಕು.

ಈ ದುಡಿಮೆ ಯಾಕೆ ಬೇಕಾಯಿತು? ಜಗತ್ತಿಗೆಲ್ಲ ಬುದ್ಧಿ ಹೇಳುವ ಅಮೆರಿಕದಲ್ಲಿ, ಹೆತ್ತ ಹೆಣ್ಣಿಗೆ ಸಂಬಳದ ರಜೆ ಕೊಡಬೇಕೆಂಬ ರಾಷ್ಟ್ರೀಯ ಕಾನೂನು ಇವತ್ತಿಗೂ ಇಲ್ಲ. 1993ರ ಕಾನೂನೊಂದು ಹನ್ನೆರಡು ವಾರದ ರಜೆ ಕೊಡುತ್ತದೆ, ಅದೂ ಸಂಬಳವಿಲ್ಲದೆ. ಐವತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಖಾಸಗಿ ಕಂಪನಿಗೆ ಅಷ್ಟೂ ಅನ್ವಯವಾಗುವುದಿಲ್ಲ. ನಮ್ಮಲ್ಲಿ 2017ರ ತಿದ್ದುಪಡಿ ಬಂದಮೇಲೆ ಮೊದಲ ಎರಡು ಹೆರಿಗೆಗೆ ಇಪ್ಪತ್ತಾರು ವಾರ ಸಂಬಳದ ರಜೆಯಿದೆ. ಸಂಘಟಿತ ವಲಯದಲ್ಲಿ ಕೆಲಸ ಮಾಡುವ ಕೆಲವರಿಗೆ ಮಾತ್ರ ಅದು ದಕ್ಕುತ್ತದೆ ಎಂಬುದೂ ನನಗೆ ಗೊತ್ತು. ಆದರೂ ಕಾನೂನು ಎಂಬುದೊಂದಿದೆ. ಅಲ್ಲಿ ಕಾನೂನು ಬಿಟ್ಟ ಜಾಗಕ್ಕೆ ಕಡೂರಿನಿಂದ, ಕೊಪ್ಪಳದಿಂದ, ಶಿರಸಿಯಿಂದ ನಮ್ಮ ತಾಯಂದಿರು ಹೋಗಿ ನಿಲ್ಲುತ್ತಾರೆ. ಅವರ ಮೊಣಕಾಲು ಸವೆಸಿ ಅಲ್ಲಿನ ಕಂಪನಿಗಳು ತಮ್ಮ ಕೆಲಸಗಾರ್ತಿಯನ್ನು ಬೇಗ ಮೇಜಿಗೆ ವಾಪಸು ಕರೆಸಿಕೊಳ್ಳುತ್ತವೆ.

ಇಂಥ ತಾಯಿಗೇ ಅಲ್ಲಿ ಎದೆ ನೋವು ಬಂತು ಅನ್ನಿ. ಆಗ ಏನಾಗುತ್ತದೆ ಎನ್ನುವುದಕ್ಕಾಗಿಯೇ ಈ ಬರಹ.

ನನ್ನ ದೊಡ್ಡಮ್ಮನ ಮಗಳು, ನಾನು ಅಕ್ಕ ಅನ್ನುವವಳು, ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಉಣಿಸಿ ಬೆಳೆಸಿ ನಿವೃತ್ತಳಾದವಳು. ಟೆಕ್ಸಸ್ಸಿನ ಡಾಲಸ್ ಹತ್ತಿರ ಮಗಳಿರುವ ಊರಿಗೆ ಬಾಣಂತನಕ್ಕೆ ಹೋದಳು. ಒಂದು ಸಂಜೆ ಎಡದೋಳು ಸೆಳೆಯತೊಡಗಿತು. ಮಗು ಎತ್ತಿ ಎತ್ತಿ ಹಿಡಿದುಕೊಂಡಿದೆ ಅಂದುಕೊಂಡಳು. ಅಮೃತಾಂಜನ ಹಚ್ಚಿದಳು. ಓಮ ಜಗಿದಳು. ಮಾರನೇ ದಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ಮಗಳು "ಏನಮ್ಮ, ಮುಖ ಯಾಕೆ ಹಿಂಗಾಗಿದೆ" ಅಂದರೆ "ಏನಿಲ್ಲ ಕಣೆ, ಗ್ಯಾಸು" ಅಂದಳು. ಆಮೇಲೆ ನನಗೆ ಹೇಳಿದ್ದು ಇದು: "ಅಳಿಯಂದಿರ ದುಡ್ಡು ಕಣೋ. ನಮ್ಮ ಮಗಳ ಮನೆಗೆ ನಾವು ಹೊರೆಯಾಗಬಾರದಲ್ಲ. ಅಲ್ಲಿ ಆಸ್ಪತ್ರೆಗೆ ಕಾಲಿಟ್ಟರೆ ಮನೆ ಮಾರಬೇಕು ಅಂತ ಹೋದ ದಿನದಿಂದ ಎಲ್ಲರೂ ಹೇಳ್ತಾನೇ ಇದ್ರು."

ಎಲ್ಲರೂ ಹೇಳುತ್ತಲೇ ಇದ್ದರು. ಪಾರ್ಕಿನಲ್ಲಿ ಸಿಗುವ ಬೇರೆ ತಾಯಂದಿರು ಹೇಳುತ್ತಿದ್ದರು. ಶನಿವಾರದ ಊಟಕ್ಕೆ ಬಂದ ಅಳಿಯನ ಗೆಳೆಯರು ಹೇಳುತ್ತಿದ್ದರು. ಇಲ್ಲಿ ಮಾತ್ರ ಹುಷಾರು ತಪ್ಪಬೇಡಿ ಆಂಟಿ ಎಂದು ನಗುನಗುತ್ತಲೇ ಹೇಳುತ್ತಿದ್ದರು. ಹುಷಾರು ತಪ್ಪುವುದು ಅವಳ ಕೈಯಲ್ಲಿತ್ತೇ? ಅರವತ್ತೈದು ವರ್ಷದ ಹೃದಯಕ್ಕೆ ವೀಸಾದ ಷರತ್ತು ಗೊತ್ತಿರುತ್ತದೆಯೇ?

ಮೂರನೇ ದಿನ ಅಡುಗೆಮನೆಯ ಸಿಂಕಿನ ಹತ್ತಿರ ಕುಸಿದಳು. ಮಗಳು 911ಕ್ಕೆ ಫೋನು ಮಾಡಿದಳು, ಕೆಲವೇ ನಿಮಿಷಗಳಲ್ಲಿ ಆಂಬುಲೆನ್ಸು ಬಂತು. ಆಸ್ಪತ್ರೆಯವರು ತಡಮಾಡದೆ ಕ್ಯಾಥ್‌ಲ್ಯಾಬಿಗೆ ಒಯ್ದು ಸ್ಟೆಂಟ್ ಹಾಕಿದರು. ಆ ವೈದ್ಯರ ಕೈಗೆ, ಆ ನರ್ಸುಗಳ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಅಕ್ಕನಿಗೆ ಇಂಗ್ಲಿಷ್ ಬಾರದೆಂದು ತಿಳಿದಾಗ ಒಬ್ಬ ನರ್ಸು ಹಾಸಿಗೆಯ ಪಕ್ಕ ಫೋನಿಟ್ಟು ಗುಂಡಿ ಒತ್ತಿದಳಂತೆ. ಆ ಕಡೆಯಿಂದ ಒಬ್ಬ ಹೆಂಗಸು ಕನ್ನಡದಲ್ಲಿ, "ಅಮ್ಮಾ, ಡಾಕ್ಟರು ಕೇಳ್ತಿದ್ದಾರೆ, ನೋವು ಬೆನ್ನಿಗೂ ಹೋಗ್ತಿದೆಯಾ?" ಅಂದಳು. ಅಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು.

ಜೀವ ಉಳಿಯಿತು. ಬಿಲ್ಲು ಆಮೇಲೆ ಬಂತು. ಒಂದಲ್ಲ, ಕಂತು ಕಂತಾಗಿ. ಆಂಬುಲೆನ್ಸಿನದು ಬೇರೆ. ತುರ್ತು ವಿಭಾಗದ ಡಾಕ್ಟರದು ಬೇರೆ, ಯಾಕೆಂದರೆ ಅವರು ಆಸ್ಪತ್ರೆಯ ನೌಕರರಲ್ಲವಂತೆ, ಬೇರೊಂದು ಕಂಪನಿಯವರಂತೆ. ಹೃದಯ ತಜ್ಞರದು ಬೇರೆ, ಎಕ್ಸ್‌ರೇ ಓದಿದವರದು ಬೇರೆ, ರಕ್ತ ನೋಡಿದ ಲ್ಯಾಬಿನದು ಬೇರೆ. ಆಸ್ಪತ್ರೆಯ ದೊಡ್ಡ ಬಿಲ್ಲು ಎಲ್ಲಕ್ಕಿಂತ ಕೊನೆಗೆ. ಎಲ್ಲ ಕೂಡಿಸಿದರೆ ಲಕ್ಷ ಡಾಲರ್ ದಾಟಿತ್ತು. ಅಂಗನವಾಡಿಯಲ್ಲಿ ಜೀವಮಾನವಿಡೀ ಪಡೆದ ಗೌರವಧನವನ್ನೆಲ್ಲ ಕೂಡಿಟ್ಟರೂ ಅವಳು ಅದರ ಹತ್ತಿರ ಹೋಗಲಾರಳು. ಮಗಳು ಆ ಕಾಗದಗಳನ್ನು ಅಮ್ಮನ ಕಣ್ಣಿಗೆ ಬೀಳದಂತೆ ಮಗುವಿನ ಡೈಪರ್ ಪೆಟ್ಟಿಗೆಯ ಹಿಂದೆ ಇಡುತ್ತಿದ್ದಳು. ಅಕ್ಕನಿಗೆ ಇಂಗ್ಲಿಷ್ ಓದಲು ಬಾರದಿದ್ದರೂ ಅಂಕಿ ಗೊತ್ತು. ಒಂದು ದಿನ ಸಿಕ್ಕಿತು.

"ಸತ್ತಿದ್ದರೆ ಕಡಿಮೆಯಲ್ಲಿ ಮುಗೀತಿತ್ತು ಅನ್ನಿಸ್ತು ಕಣೋ" ಅಂದಳು ನನ್ನ ಹತ್ತಿರ.

ಈ ಮಾತನ್ನು ಕೇಳಿಸಿಕೊಂಡ ಮೇಲೆ ನಾನು ಯಾವ ಸಮತೂಕದ ಮಾತನ್ನೂ ಆಡಲಾರೆ. ಒಬ್ಬ ತಾಯಿಯ ಬಾಯಲ್ಲಿ ಈ ಮಾತು ಹುಟ್ಟುವಂತೆ ಮಾಡುವ ವ್ಯವಸ್ಥೆ ಎಷ್ಟೇ ಸ್ಟೆಂಟ್ ಹಾಕಲಿ, ಎಷ್ಟೇ ನೊಬೆಲ್ ಗೆಲ್ಲಲಿ, ಅದು ಕ್ರೂರ ವ್ಯವಸ್ಥೆ.

ಇನ್ಶೂರೆನ್ಸ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅಳಿಯ ಒಳ್ಳೆಯವನು, ಬರುವ ಮೊದಲೇ ಮಾಡಿಸಿದ್ದ. ಆ ಪಾಲಿಸಿಯ ಕಥೆಯನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಮೋಸ ಇರುವುದೇ ಅಲ್ಲಿನ ಸಣ್ಣ ಅಕ್ಷರಗಳಲ್ಲಿ.

ಭೇಟಿಗೆ ಬರುವ ತಂದೆತಾಯಿಗೆ ಮಾರುವ ಪಾಲಿಸಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿಯೊಂದಕ್ಕೂ ಇಷ್ಟೇ ಎಂದು ಕಟ್ಟಿಟ್ಟಿರುತ್ತಾರೆ. ಒಂದು ದಿನದ ಆಸ್ಪತ್ರೆ ವಾಸಕ್ಕೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು, ಆಂಬುಲೆನ್ಸಿಗೆ ಇಷ್ಟು. ಆಸ್ಪತ್ರೆ ಹಾಕುವ ದರದ ಮುಂದೆ ಅದು ಏನೂ ಅಲ್ಲ. ಕಂತು ಕಡಿಮೆಯಾದ್ದರಿಂದ ಜನ ಇದನ್ನೇ ಕೊಳ್ಳುತ್ತಾರೆ. ಇನ್ನೊಂದು ಸಮಗ್ರ ಪಾಲಿಸಿ, ಕಂತು ಜಾಸ್ತಿ, ರಕ್ಷಣೆಯೂ ಜಾಸ್ತಿ. ಆದರೆ ಎರಡರಲ್ಲೂ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತಾರೆ. ವಯಸ್ಸು ಎಪ್ಪತ್ತು ದಾಟಿತೋ, ಸಿಗುವ ಮೊತ್ತ ಇಳಿಯುತ್ತದೆ, ಕಂತು ಏರುತ್ತದೆ. ಇಲ್ಲಿ ರೂಪಾಯಿ ಕೊಟ್ಟು ಕೊಳ್ಳುವ ಪ್ರವಾಸ ವಿಮೆಗಳಲ್ಲೂ ಅರವತ್ತು ದಾಟಿದವರಿಗೆ ಒಳಮಿತಿಗಳನ್ನು ತುರುಕಿರುವುದುಂಟು. ಮೇಲೆ ದೊಡ್ಡಕ್ಷರದಲ್ಲಿ ಐವತ್ತು ಸಾವಿರ ಡಾಲರ್, ಒಳಗೆ ಒಂದೊಂದು ಚಿಕಿತ್ಸೆಗೂ ಬೇರೆ ಬೇರೆ ಗೆರೆ.

ಬಾಣಂತನಕ್ಕೆ ಹೋಗುವ ವಯಸ್ಸಿನ ಹೆಂಗಸರಲ್ಲಿ ಬಿಪಿ ಇಲ್ಲದವರು ಎಷ್ಟು ಜನ? ಶುಗರ್ ಇಲ್ಲದವರು ಎಷ್ಟು ಜನ? ಅವರಿಗೆ ಬರುವ ದೊಡ್ಡ ಕಾಯಿಲೆಗಳಲ್ಲಿ ಹೃದಯದ್ದು, ಮಿದುಳಿನದು, ಮೂತ್ರಪಿಂಡದ್ದು ಎಲ್ಲವನ್ನೂ ಆ ಬಿಪಿ, ಶುಗರಿನ ಬೇರಿಗೆ ಕಟ್ಟಬಹುದು. ಹಾಗೆ ಕಟ್ಟಿ ಕ್ಲೇಮು ತಳ್ಳಿಹಾಕುತ್ತಾರೆ. ಮುದುಕಿಯರಿಗೆಂದು ಪಾಲಿಸಿ ಮಾರಿ, ಮುದಿತನದ ಕಾಯಿಲೆಗೆ ಹಣ ಕೊಡುವುದಿಲ್ಲ ಅನ್ನುವುದು ವ್ಯಾಪಾರವಲ್ಲ, ದರೋಡೆ.

ಕೆಲವು ಪಾಲಿಸಿಗಳಲ್ಲಿ ಒಂದು ಕಿಟಕಿ ಬಿಟ್ಟಿರುತ್ತಾರೆ. ಹಳೇ ಕಾಯಿಲೆಯೇ ಆಗಿದ್ದರೂ ಮುನ್ಸೂಚನೆ ಇಲ್ಲದೆ ಥಟ್ಟನೆ ಉಲ್ಬಣಿಸಿದರೆ ಹಣ ಕೊಡುತ್ತೇವೆ ಎಂದು. ಅದಕ್ಕೊಂದು ಷರತ್ತು: ಉಲ್ಬಣಿಸಿದ ಇಪ್ಪತ್ನಾಲ್ಕು ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. ಅಕ್ಕನ ಪಾಲಿಸಿಯಲ್ಲೂ ಆ ಕಿಟಕಿ ಇತ್ತು. ಆಸ್ಪತ್ರೆಯ ದಾಖಲೆಯಲ್ಲಿ, ನೋವು ಯಾವಾಗ ಶುರುವಾಯಿತು ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಪ್ರಾಮಾಣಿಕ ಉತ್ತರವಿತ್ತು: ಮೊನ್ನೆ ಸಂಜೆಯಿಂದ. ಅಷ್ಟು ಸಾಕಾಯಿತು. ಮುನ್ಸೂಚನೆ ಇತ್ತು, ಇಪ್ಪತ್ನಾಲ್ಕು ಗಂಟೆ ಮೀರಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಕ್ಲೇಮು ತಿರಸ್ಕೃತ.

ಇದರ ಹೊಲಸನ್ನು ಸ್ವಲ್ಪ ನಿಂತು ನೋಡಿ. ಬಿಲ್ಲಿನ ಭಯಕ್ಕೆ ಅವಳು ನೋವನ್ನು ಬಚ್ಚಿಟ್ಟಳು. ಬಚ್ಚಿಟ್ಟಿದ್ದಕ್ಕೇ ವಿಮೆ ಕೈಬಿಟ್ಟಿತು. ಭಯ ಹುಟ್ಟಿಸಿದವರೂ ಅವರೇ, ಭಯಪಟ್ಟದ್ದಕ್ಕೆ ದಂಡ ಹಾಕಿದವರೂ ಅವರೇ. ಅದಕ್ಕೂ ಮುಂಚೆ ಹಿಂದಿನ ವರ್ಷಗಳ ವೈದ್ಯಕೀಯ ದಾಖಲೆ ಕಳಿಸಿ ಎಂದು ಪತ್ರದ ಮೇಲೆ ಪತ್ರ. ತಾಲ್ಲೂಕಿನ ಡಾಕ್ಟರು ಸಣ್ಣ ಚೀಟಿಯಲ್ಲಿ ಗೀಚಿ ಕೊಟ್ಟ ಮಾತ್ರೆಗೆ ಯಾವ ದಾಖಲೆ? ಆ ಚೀಟಿ ಮೆಡಿಕಲ್ ಸ್ಟೋರಿನ ಕೌಂಟರಿನಲ್ಲೇ ಉಳಿದಿರುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರ ಸಂಬಳದಿಂದ ತಿಂಗಳು ತಿಂಗಳೂ ಶೇಕಡಾ 1.45ರಷ್ಟನ್ನು ಮೆಡಿಕೇರ್ ಎಂದು ಕತ್ತರಿಸುತ್ತಾರೆ, ಅಷ್ಟನ್ನೇ ಕಂಪನಿಯೂ ಕಟ್ಟುತ್ತದೆ. ಮೆಡಿಕೇರ್ ಅಂದರೆ ಅರವತ್ತೈದು ದಾಟಿದ ಅಮೆರಿಕನ್ನರ ಆಸ್ಪತ್ರೆ ಖರ್ಚಿನ ನಿಧಿ. ಸಾಮಾಜಿಕ ಭದ್ರತೆಗೆ ಇನ್ನೂ ಶೇಕಡಾ 6.2. ಈ ದುಡ್ಡಿನ ವಿಚಾರದಲ್ಲಿ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವೇ ಇಲ್ಲ. ಅಲ್ಲಿ ಹತ್ತು ವರ್ಷದ ಲೆಕ್ಕ ತುಂಬದೆ ಊರಿಗೆ ಮರಳುವವರು ಕಟ್ಟಿದ್ದನ್ನು ಬಿಟ್ಟೇ ಬರಬೇಕು. ಅಂದರೆ ಅಕ್ಕನ ಮಗಳು ಪ್ರತಿ ತಿಂಗಳೂ ಯಾರೋ ಅಮೆರಿಕದ ಅಜ್ಜಿಯ ಸ್ಟೆಂಟಿಗೆ ದುಡ್ಡು ಕಟ್ಟುತ್ತಿದ್ದಾಳೆ. ಆ ಅಜ್ಜಿಯ ಮೇಲೆ ನನಗೆ ಕೋಪವಿಲ್ಲ, ಅವಳ ಜೀವವೂ ಜೀವವೇ. ಆದರೆ ಮಗಳ ಬೆವರನ್ನು ಆ ನಿಧಿಗೆ ಸುರಿಸಿಕೊಂಡು, ತಾಯಿಯ ದುಡಿಮೆಯನ್ನೂ ಪುಕ್ಕಟೆ ಪಡೆದುಕೊಂಡು, ಅದೇ ತಾಯಿ ಬಿದ್ದಾಗ ನೀನು ಯಾರು ಅನ್ನುವ ರಾಜ್ಯವನ್ನು ಸುಸಂಸ್ಕೃತ ಎಂದು ನಾನು ಕರೆಯುವುದಿಲ್ಲ. ಗ್ರೀನ್ ಕಾರ್ಡ್ ಮಾಡಿಸಿ ತಾಯಿಯನ್ನು ಅಲ್ಲೇ ಇರಿಸಿಕೊಂಡರೂ, ಅವಳು ಹಣ ಕೊಟ್ಟು ಮೆಡಿಕೇರ್ ಕೊಳ್ಳಲಿಕ್ಕೂ ಐದು ವರ್ಷ ಕಾಯಬೇಕು. ಎಪ್ಪತ್ತರ ಹೆಂಗಸಿಗೆ ಐದು ವರ್ಷ!

ಬೇರೆ ದೇಶಗಳು ಮೇಲೇ? ಷೆಂಗೆನ್ ವೀಸಾಕ್ಕೆ ಕನಿಷ್ಠ ಮೂವತ್ತು ಸಾವಿರ ಯೂರೋ ವಿಮೆ ತೋರಿಸದೆ ಯೂರೋಪಿನವರು ಒಳಗೆ ಬಿಡುವುದಿಲ್ಲ. ತಂದೆತಾಯಿಯರಿಗೆ ಸೂಪರ್ ವೀಸಾ ಕೊಡುವ ಕೆನಡಾ, ಒಂದು ಲಕ್ಷ ಕೆನಡಾ ಡಾಲರಿನ ವಿಮೆಯನ್ನು ಒಂದು ವರ್ಷದ ಮಟ್ಟಿಗೆ ಕೊಂಡು ಬಾ ಅನ್ನುತ್ತದೆ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗಕ್ಕೆ ಯಾರು ಹೋದರೂ ಅಲ್ಲಿನ ಚಿಕಿತ್ಸೆ ಪುಕ್ಕಟೆ. ಅಲ್ಲಿಂದ ವಾರ್ಡಿಗೆ ದಾಖಲು ಮಾಡಿಕೊಂಡ ಗಳಿಗೆಯಿಂದ ಹೊರದೇಶದ ಭೇಟಿಗಾರರಿಗೆ ಸರ್ಕಾರಿ ದರದ ಒಂದೂವರೆ ಪಟ್ಟು. ಕಟ್ಟದೆ ಬಾಕಿ ಉಳಿಸಿದರೆ ಮುಂದಿನ ವೀಸಾಕ್ಕೇ ಕುತ್ತು. ಅಲ್ಲೇ ಕೆಲಸ ಮಾಡುವ ಮಗ 2024ರಿಂದ ವರ್ಷಕ್ಕೆ 1,035 ಪೌಂಡು ಆರೋಗ್ಯ ಶುಲ್ಕ ಮುಂಗಡ ಕಟ್ಟಿರುತ್ತಾನೆ, ತೆರಿಗೆ ಬೇರೆ. ಆಸ್ಟ್ರೇಲಿಯಾ, ಬ್ರಿಟನ್, ನ್ಯೂಜಿಲೆಂಡ್ ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಒಬ್ಬರ ಜನರನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಆ ಪಂಕ್ತಿಯಲ್ಲಿ ಭಾರತಕ್ಕೆ ಎಲೆ ಹಾಕಿಲ್ಲ.

ಅಮೆರಿಕದ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವ ಮಕ್ಕಳಿಗೆ ಈಗ ಒಂದು ಮಾತು. ಹಕ್ಕುಗಳಿವೆ. ಅವನ್ನು ಯಾರೂ ತಾವಾಗಿ ನಿಮ್ಮ ಕೈಗಿಡುವುದಿಲ್ಲ. 1986ರಲ್ಲಿ ಬಂದ ಎಮ್ಟಾಲಾ ಎಂಬ ಕಾನೂನು ಹೇಳುವಂತೆ, ಮೆಡಿಕೇರ್ ಹಣ ಪಡೆಯುವ ಯಾವ ಆಸ್ಪತ್ರೆಯ ತುರ್ತು ವಿಭಾಗವೂ ಬಂದವರನ್ನು ಪರೀಕ್ಷಿಸದೆ, ಸ್ಥಿತಿ ಸುಧಾರಿಸದೆ ಹೊರಗಟ್ಟುವಂತಿಲ್ಲ. ದುಡ್ಡಿದೆಯೇ, ಯಾವ ದೇಶದವರು, ವಿಮೆ ಇದೆಯೇ ಎಂಬ ಕಾರಣಕ್ಕೆ ತಡ ಮಾಡುವಂತಿಲ್ಲ. ಈ ಕಾನೂನು ಬಿಲ್ಲು ಮನ್ನಾ ಮಾಡುವುದಿಲ್ಲ, ಜೀವ ಉಳಿಸುತ್ತದೆ. ಹಾಗಾಗಿ ಎದೆ ನೋವಿನ ಮುಂದೆ ದುಡ್ಡಿನ ಲೆಕ್ಕ ಹಾಕುತ್ತ ಕೂರಬೇಡಿ. ಕನ್ನಡದ ದುಭಾಷಿಯನ್ನು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಪುಕ್ಕಟೆಯಾಗಿ ಒದಗಿಸಬೇಕು. ಮಗಳೇ ದುಭಾಷಿಯಾದರೆ ತಾಯಿ ಅರ್ಧ ನೋವು ನುಂಗುತ್ತಾಳೆ, ಮಗಳು ಇನ್ನರ್ಧ.

ಬಿಲ್ಲು ಬಂದ ಕೂಡಲೇ ಹೆದರಿ ಕಾರ್ಡು ಉಜ್ಜಬೇಡಿ. ಒಂದೊಂದು ಬಾಬ್ತಿನ ವಿವರ ಇರುವ ಬಿಲ್ಲು ಕೇಳಿ. ಅಕ್ಕನ ಮಗಳು ಕೇಳಿದಾಗ ಒಂದೇ ಪರೀಕ್ಷೆಗೆ ಎರಡು ಸಲ ಹಣ ಹಾಕಿದ್ದು ಸಿಕ್ಕಿತು. ಲಾಭಕ್ಕಾಗಿ ನಡೆಸುತ್ತಿಲ್ಲವೆಂದು ತೆರಿಗೆ ವಿನಾಯಿತಿ ಪಡೆದ ಆಸ್ಪತ್ರೆಗಳೆಲ್ಲ ಕೈಲಾಗದವರಿಗೆ ನೆರವಿನ ನಿಯಮವನ್ನು ಬರೆದು ಪ್ರಕಟಿಸಲೇಬೇಕೆಂದು 2010ರ ಒಬಾಮಾ ಕಾಲದ ಕಾನೂನು ಹೇಳುತ್ತದೆ. ಬಿಡುಗಡೆಯ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಕೆಲವು ಆಸ್ಪತ್ರೆಗಳು ಭೇಟಿಗೆ ಬಂದವರಿಗಿಲ್ಲ ಎಂದು ನಿಯಮ ಮಾಡಿಕೊಂಡಿವೆ, ಕೆಲವು ಕೊಡುತ್ತವೆ. ಕೇಳದೆ ಗೊತ್ತಾಗುವುದಿಲ್ಲ. 2021ರಿಂದ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನೂ ವಿಮಾ ಕಂಪನಿಗಳಿಗೆ ಕೊಡುವ ಇಳಿದ ದರವನ್ನೂ ಬಹಿರಂಗ ಮಾಡಬೇಕು. ಅದನ್ನು ಮುಂದಿಟ್ಟು ಜಗಳ ಆಡಿ. ಕೈಯಲ್ಲಿ ದುಡ್ಡು ಹಿಡಿದು ನಿಂತ ಪರದೇಶಿಗೆ ಹಾಕುವುದು ಎಷ್ಟೋ ಸಲ ಎಲ್ಲಕ್ಕಿಂತ ದುಬಾರಿ ದರ, ದೊಡ್ಡ ಕಂಪನಿಗೆ ಹಾಕುವುದು ಇಳಿದ ದರ. ಅಕ್ಕನ ಆಸ್ಪತ್ರೆ ಕೊನೆಗೆ ದೊಡ್ಡ ಪಾಲನ್ನು ಬಿಟ್ಟುಕೊಟ್ಟಿತು. ಹಾಗಾದರೆ ಮೊದಲು ಬರೆದ ಅಂಕಿ ಏನಾಗಿತ್ತು? ಆ ಅಂಕಿ ನೋಡಿಯೇ ತಾನೆ ಅವಳಿಗೆ ಸಾವು ಅಗ್ಗ ಅನ್ನಿಸಿದ್ದು?

ಮಕ್ಕಳ ಮೇಲೂ ನನಗೆ ಸಿಟ್ಟಿದೆ. ಎಲ್ಲರ ಮೇಲಲ್ಲ. ಸಾವಿರ ಡಾಲರಿನ ಫೋನಿಗೆ ಪೂರ್ತಿ ವಿಮೆ ಮಾಡಿಸಿ, ತಾಯಿಗೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಪಾಲಿಸಿ ಆರಿಸಿದವರ ಮೇಲೆ. ಬರುವ ಮೊದಲು ಇಸಿಜಿ, ಎಕೋ, ಹಲ್ಲು, ಕಣ್ಣು ಯಾವುದನ್ನೂ ತೋರಿಸದೆ, ಹೆರಿಗೆಯ ದಿನಾಂಕಕ್ಕೆ ಹೊಂದಿಸಿ ಟಿಕೆಟ್ ಮಾತ್ರ ತೆಗೆಸಿದವರ ಮೇಲೆ. ನಮ್ಮೂರ ಡಾಕ್ಟರ ಚೀಟಿ ಅಲ್ಲಿನ ಔಷಧದಂಗಡಿಯಲ್ಲಿ ನಡೆಯುವುದಿಲ್ಲವೆಂದು ಗೊತ್ತಿದ್ದೂ, ಮಾತ್ರೆ ಮುಗಿದಾಗ ದಿನ ಬಿಟ್ಟು ದಿನ ತೆಗೆದುಕೊಳ್ಳಮ್ಮ ಎಂದವರನ್ನು ನಾನು ಬಲ್ಲೆ. ಜ್ವರ ಬಂದರೆ ರಾತ್ರಿ ಕೂತು ಮೈಸೂರಿನ ಡಾಕ್ಟರಿಗೆ ವಾಟ್ಸಾಪ್ ಕರೆ ಮಾಡುತ್ತಾರೆ, ನಾಲಿಗೆಯ ಫೋಟೋ ಕಳಿಸುತ್ತಾರೆ. ಪಾಪ, ಆ ಡಾಕ್ಟರೂ ಹೇಳುತ್ತಾರೆ. ಜ್ವರಕ್ಕೆ ಅದು ನಡೆದೀತು, ಪಾರ್ಶ್ವವಾಯುವಿಗೆ ನಡೆಯುವುದಿಲ್ಲ. ಅಲ್ಲಿನ ಕನ್ನಡ ಕೂಟಗಳ ಗೆಳೆಯರೇ, ಸಮ್ಮೇಳನದಲ್ಲಿ ಯಕ್ಷಗಾನಕ್ಕೂ ಹೋಳಿಗೆ ಊಟಕ್ಕೂ ನಡುವೆ ಈ ಬಗ್ಗೆ ಒಂದು ಗೋಷ್ಠಿ ಇಡಿ. ಬಂದಿರುವ ತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕನ್ನಡದಲ್ಲಿ ಹೇಳಿ: ನೋವು ಬಂದರೆ ಆ ಗಳಿಗೆಯೇ ಬಾಯಿ ಬಿಡಿ.

ಇಷ್ಟಾದರೂ ಅಕ್ಕನಿಗೆ ಫೋನು ಮಾಡುವ ಮಗಳಿದ್ದಳು. ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋದವಳಿಗೆ ಯಾರಿದ್ದಾರೆ? ಅವಳೂ ಹೋಗಿರುವುದು ಆರೈಕೆಗೇ. ಯಾರದೋ ಮಗು, ಯಾರದೋ ಹಾಸಿಗೆ ಹಿಡಿದ ಮುದುಕಿ, ಅವರನ್ನು ಎತ್ತಿ ತೊಳೆದು ಉಣಿಸಲು. ಹೊರಡುವ ಮೊದಲು ಅವಳ ಮೈಯನ್ನು ಸಂತೆಯ ದನದಂತೆ ತಪಾಸಣೆ ಮಾಡುತ್ತಾರೆ. ಎಚ್‌ಐವಿ, ಕ್ಷಯ, ಕಾಮಾಲೆ, ಬಸಿರು. ಫಿಟ್ ಎಂಬ ಮುದ್ರೆ ಬಿದ್ದರೆ ವಿಮಾನ. ಅಲ್ಲಿ ಹೋಗಿ ಆ ಮೈ ಕೆಟ್ಟರೆ ಮಾಲೀಕನ ಮರ್ಜಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ನಮ್ಮ ಸರ್ಕಾರ ಬೇರೆಯೇ ಗುರುತು ಇಟ್ಟಿದೆ, ಇಸಿಆರ್, ಅಂದರೆ ವಲಸೆ ತಪಾಸಣೆ ಅಗತ್ಯ ಎಂದು. ಅಂಥವರು ಹೋಗುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ ಹತ್ತು ಲಕ್ಷ. ಬದುಕಿದ್ದು ಕಾಯಿಲೆ ಬಿದ್ದರೆ ಒಂದು ಲಕ್ಷ. ಸತ್ತವಳ ಬೆಲೆಯ ಹತ್ತನೇ ಒಂದು ಪಾಲು ನರಳುವವಳಿಗೆ. ಇದನ್ನು ಯೋಜನೆ ಎಂದು ಬರೆದವರು ಒಂದು ದಿನವಾದರೂ ಪರದೇಶದ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾರೆಯೇ?

ಪರದೇಶದಲ್ಲಿ ಸಿಕ್ಕಿಬಿದ್ದ ಬಡವರ ಪಾಡಿಗೆ 2023ರ ಏಪ್ರಿಲ್ ನೆನಪಿಸಿಕೊಳ್ಳಿ. ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನವರು ಅಲ್ಲಿನ ಅಲ್ ಫಶೀರ್ ಪಟ್ಟಣದಲ್ಲಿ ಸಿಕ್ಕಿಬಿದ್ದಿದ್ದರು. ಅವರು ಅಲ್ಲಿಗೆ ಹೋಗಿದ್ದು ನಾರುಬೇರಿನ ಔಷಧ, ಎಣ್ಣೆ ಮಾರಲು. ಕಾಡಿನ ಬೇಟೆ ಕಾನೂನಿನಿಂದ ನಿಂತ ಮೇಲೆ ಬದುಕಲು ಅವರು ಕಂಡುಕೊಂಡ ದಾರಿ ಅದು. ಅಲ್ಲಿಯವರ ಮೈಕೈ ನೋವಿಗೆ ಎಣ್ಣೆ ಕೊಟ್ಟವರು, ಕುಡಿಯಲು ನೀರಿಲ್ಲ ಎಂದು ಊರಿಗೆ ವಿಡಿಯೋ ಕಳಿಸಿದರು. ಸರ್ಕಾರ ಆಪರೇಷನ್ ಕಾವೇರಿ ಎಂಬ ಕಾರ್ಯಾಚರಣೆಯಲ್ಲಿ ಅವರನ್ನು ಕರೆತಂದಿತು, ಸರಿ. ಕರೆತರುವ ಮೊದಲು ನಮ್ಮ ನಾಯಕರು ಅವರ ಹೆಸರಿನಲ್ಲಿ ಟ್ವಿಟರಿನಲ್ಲಿ ಕಚ್ಚಾಡಿದ್ದನ್ನು ಚುನಾವಣೆಯ ಹೊಸ್ತಿಲಲ್ಲಿದ್ದ ಕರ್ನಾಟಕ ನೋಡಿತು.

ಅಮೆರಿಕವನ್ನು ಬೈದು ಬೆಂಗಳೂರಿಗೆ ಬಂದರೆ ಇಲ್ಲೇನು ನಡೆದಿದೆ? ಇಲ್ಲಿನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ಹೊರದೇಶದ ರೋಗಿಗಳಿಗೆ ಬೇರೆಯೇ ವಿಭಾಗ, ಅರಬ್ಬಿ ಬಲ್ಲ ದುಭಾಷಿಗಳು, ವಿಮಾನ ನಿಲ್ದಾಣಕ್ಕೆ ಕಾರು. ಆ ರೋಗಿಗಳು ಬರಲಿ, ಒಮಾನಿನ ತಾಯಿಗೆ ಅವಳ ಭಾಷೆಯಲ್ಲೇ ಮಾತಾಡಿಸಲಿ, ಅದು ಆಗಬೇಕಾದ್ದೇ. ಆದರೆ ರಾಯಚೂರಿನಿಂದ ಬಂದ ತಾಯಿಗೆ ಅದೇ ಕಟ್ಟಡದಲ್ಲಿ ಇಂಗ್ಲಿಷಿನ ಕಾಗದ ಮುಂದಿಟ್ಟು ಇಲ್ಲಿ ಹೆಬ್ಬೆಟ್ಟು ಒತ್ತಿ ಅನ್ನುವುದು ಯಾವ ನ್ಯಾಯ? ಡಾಲಸ್ಸಿನಲ್ಲಿ ಸಿಕ್ಕ ಕನ್ನಡ ಬೆಂಗಳೂರಿನಲ್ಲಿ ಸಿಗುವುದಿಲ್ಲವೆಂದರೆ, ನಮ್ಮ ಮಣ್ಣಿನಲ್ಲೇ ಅವಳನ್ನು ಪರದೇಶಿ ಮಾಡಿದ್ದೇವೆ. 2017ರ ನವೆಂಬರಿನಲ್ಲಿ ದರ ನಿಯಂತ್ರಣ, ರೋಗಿಯ ಹಕ್ಕು ಎಂದು ಸರ್ಕಾರ ಮಸೂದೆ ತಂದಾಗ ಖಾಸಗಿ ಆಸ್ಪತ್ರೆಗಳು ರಾಜ್ಯದಾದ್ಯಂತ ಬಾಗಿಲು ಹಾಕಿದವು. ಸರ್ಕಾರ ಬಗ್ಗಿತು, ಮಸೂದೆಯ ಹಲ್ಲು ಕಿತ್ತೇ ಕಾಯ್ದೆ ಮಾಡಿತು. ಅಲ್ಲಿನ ಬಿಲ್ಲಿನ ರೋಗ ಇಲ್ಲಿಗೂ ಹತ್ತಿದೆ.

ಇನ್ನು ಕೇಳಬೇಕಾದದ್ದನ್ನು ಕೇಳುತ್ತೇನೆ. ದೆಹಲಿಯವರೇ, ಅಮೆರಿಕದ ಜೊತೆ ಯುದ್ಧ ವಿಮಾನದ ಬಗ್ಗೆ, ಸುಂಕದ ಬಗ್ಗೆ ಮಾತುಕತೆಗೆ ಕೂರುತ್ತೀರಿ. ಅದೇ ಮೇಜಿನ ಮೇಲೆ ನಮ್ಮ ಮಕ್ಕಳ ಸಂಬಳದಿಂದ ಕತ್ತರಿಸಿದ ಹಣವನ್ನೂ ಇಡಿ. ಆ ಹಣದ ಒಂದು ಪಾಲು ಅವರ ತಂದೆತಾಯಿಯರ ತುರ್ತು ಚಿಕಿತ್ಸೆಗೆ ಬರಲಿ ಎಂದು ಕೇಳಿ. ಪ್ರವಾಸ ವಿಮೆ ಮಾರುವ ಕಂಪನಿಗಳಿಗೆ, ಅರವತ್ತು ದಾಟಿದವರ ಪಾಲಿಸಿಯಲ್ಲಿ ಬಿಪಿ, ಶುಗರಿನ ನೆಪ ಹೂಡಿ ಹೃದಯಾಘಾತ, ಪಾರ್ಶ್ವವಾಯುವಿನ ಕ್ಲೇಮು ತಳ್ಳಿಹಾಕಕೂಡದೆಂದು ಕಟ್ಟಪ್ಪಣೆ ಮಾಡಿ. ಪಾಲಿಸಿಯ ಷರತ್ತುಗಳನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಿಸಿ, ಸಹಿ ಹಾಕುವವಳಿಗೆ ಓದಿ ಹೇಳಿಸಿ.

ಬೆಂಗಳೂರಿನವರೇ, ಅನಿವಾಸಿ ಭಾರತೀಯ ಸಮಿತಿ ಎಂದು ಒಂದನ್ನು ಇಟ್ಟುಕೊಂಡಿದ್ದೀರಿ. ಹೂಡಿಕೆಗೆ ಕರೆಯುವ ನಿಮ್ಮ ನಾಲಿಗೆಗೆ, ಬಾಣಂತನಕ್ಕೆ ಹೋಗಿ ಐಸಿಯುನಲ್ಲಿ ಮಲಗಿದ ತಾಯಿಯ ಮನೆಯವರು ರಾತ್ರಿ ಎರಡಕ್ಕೆ ಫೋನು ಮಾಡಿದರೆ ಉತ್ತರ ಕೊಡಲೂ ಬರಬೇಕು. ಬಿಲ್ಲು ಓದಿ ಹೇಳುವವರು, ಕ್ಲೇಮು ತಿರಸ್ಕರಿಸಿದರೆ ಮೇಲ್ಮನವಿ ಬರೆದುಕೊಡುವವರು, ಹಳೇ ದಾಖಲೆ ಬೇಕೆಂದರೆ ತಾಲ್ಲೂಕಿನ ಆಸ್ಪತ್ರೆಯಿಂದ ತರಿಸಿ ಕಳಿಸುವವರು ಅಲ್ಲಿ ಕೂತಿರಬೇಕು.

ಪರದೇಶದಲ್ಲಿ ಕಷ್ಟಕ್ಕೆ ಬಿದ್ದ ಭಾರತೀಯರಿಗೆಂದು 2009ರಲ್ಲಿ ಸಮುದಾಯ ಕಲ್ಯಾಣ ನಿಧಿ ಎಂದು ಮಾಡಿದ್ದಾರೆ. ತುರ್ತು ಚಿಕಿತ್ಸೆಗೆ, ಶವ ಊರಿಗೆ ಕಳಿಸಲು ರಾಯಭಾರ ಕಚೇರಿ ಅದರಿಂದ ಹಣ ಕೊಡಬಹುದು. ಅದು ಯಾರ ಅಪ್ಪನ ಮನೆಯ ಗಂಟೂ ಅಲ್ಲ. ಪಾಸ್‌ಪೋರ್ಟು ನವೀಕರಿಸಲು, ಕಾಗದಕ್ಕೆ ಮುದ್ರೆ ಹಾಕಿಸಲು ಹೋದ ನಮ್ಮ ಜನರಿಂದಲೇ ಪ್ರತಿ ಅರ್ಜಿಗೂ ವಸೂಲು ಮಾಡಿದ ಸಣ್ಣ ಸಣ್ಣ ಶುಲ್ಕ. ಮನೆಗೆಲಸದವಳ ದಿನಾರು ಅದರಲ್ಲಿದೆ, ಅಕ್ಕನ ಮಗಳ ಡಾಲರೂ ಅದರಲ್ಲಿದೆ. ಆ ನಿಧಿಯ ಹೆಸರನ್ನು ಅಕ್ಕನ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅದರಲ್ಲಿ ಎಷ್ಟು ಕೂಡಿದೆ, ಎಷ್ಟು ಹಾಗೇ ಕೂತಿದೆ, ಯಾವ ಕಚೇರಿ ಯಾರ ಆಸ್ಪತ್ರೆ ಬಿಲ್ಲಿಗೆ ಎಷ್ಟು ಕೊಟ್ಟಿದೆ, ಎಷ್ಟು ಅರ್ಜಿ ತಿರಸ್ಕರಿಸಿದೆ, ಯಾವ ಕಾರಣಕ್ಕೆ? ಪ್ರತಿ ವರ್ಷ, ಪ್ರತಿ ಕಚೇರಿಯ ಲೆಕ್ಕವನ್ನು ಕನ್ನಡದಲ್ಲಿ ನಮ್ಮ ಮುಂದಿಡಿ.